ವಿಜ್ಞಾನದ ಹೆಸರಿನಲ್ಲಿ ಆಡಿದ ಒಂದು ಮಾತು: ನಂಬಿಕೆ ಮತ್ತು ವಿಚಾರದ ನಡುವಿನ ಒಂದು ಆಪ್ತಸಲಹೆ ಪ್ರಕರಣ

ಈ ಪ್ರಕರಣವನ್ನು ಸಂಬಂಧಪಟ್ಟವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಹಿಡಿಯಲು ನೆರವಾಗಬಹುದಾದ ವಿವರಗಳನ್ನು ಬದಲಿಸಿದ್ದೇನೆ ಇಲ್ಲವೇ ಕೈಬಿಟ್ಟಿದ್ದೇನೆ. ಆ ಕುಟುಂಬ ಅನುಸರಿಸುವ ಧರ್ಮ ಯಾವುದೆಂಬುದನ್ನೂ ಉದ್ದೇಶಪೂರ್ವಕವಾಗಿಯೇ ಹೇಳುತ್ತಿಲ್ಲ. ಗೋಪ್ಯತೆ ಅದಕ್ಕೆ ಒಂದು ಕಾರಣವಾದರೆ, ಧರ್ಮದ ಹೆಸರು ಕಂಡೊಡನೆ ಓದುಗರಲ್ಲಿ ಕೆಲವರು ‘ಇದು ಅವರ ಸಮಸ್ಯೆ, ನಮ್ಮದಲ್ಲ’ ಎಂದು ಪುಟ ಮಗುಚಿಬಿಡುತ್ತಾರೆ ಎಂಬುದು ಇನ್ನೊಂದು ಕಾರಣ. ಈ ಬಗೆಯ ತೊಳಲಾಟವನ್ನು ನಾನು ಬೇರೆ ಬೇರೆ ಧರ್ಮದವರಲ್ಲಿ ಕಂಡಿದ್ದೇನೆ. ಯಾವ ಧರ್ಮಕ್ಕೂ ಸೇರದವರಲ್ಲಿಯೂ ಕಂಡದ್ದುಂಟು.

ಬಂದವರು ನಲವತ್ತು ದಾಟಿದ ಮಹಿಳೆ, ವೃತ್ತಿಯಿಂದ ಸಂಖ್ಯಾಶಾಸ್ತ್ರಜ್ಞೆ. ಹೊಸ ಔಷಧವೊಂದನ್ನು ರೋಗಿಗಳಿಗೆ ಕೊಟ್ಟು ನೋಡಿದಾಗ ಅವರು ಗುಣವಾದದ್ದು ಔಷಧದಿಂದಲೋ, ಅದನ್ನು ಕೊಡದಿದ್ದರೂ ಗುಣವಾಗುತ್ತಿದ್ದರೋ ಎಂಬುದನ್ನು ಲೆಕ್ಕ ಹಾಕಿ ತಿಳಿಸುವುದು ಅವರ ಕೆಲಸ. ಹುಟ್ಟಿ ಬೆಳೆದದ್ದು ದೈವಭಕ್ತಿಯ ಮನೆಯಲ್ಲಿ. ಎರಡು ಹೊತ್ತಿನ ಪ್ರಾರ್ಥನೆಯನ್ನು ಮದುವೆಯ ನಂತರವೂ ಬಿಟ್ಟವರಲ್ಲ. ವೃತ್ತಿ ಮತ್ತು ಭಕ್ತಿ ಇಷ್ಟು ವರ್ಷ ಒಂದನ್ನೊಂದು ಕೆಣಕದೆ ನಡೆದುಕೊಂಡು ಬಂದಿದ್ದವು. ಒಂದು ಇನ್ನೊಂದನ್ನು ಪ್ರಶ್ನಿಸುವ ಸಂದರ್ಭ ಒದಗಿರಲಿಲ್ಲ, ಅಥವಾ ಒದಗಿದ್ದರೂ ಆಕೆ ನೋಡಿಯೂ ನೋಡದವರಂತೆ ದಾಟಿ ಬಂದಿದ್ದರು. ನನ್ನೊಡನೆ ಮೊದಲು ಹೇಳಿಕೊಂಡದ್ದು ನಿದ್ರೆಯ ತೊಂದರೆಯನ್ನು ಮಾತ್ರ. ನಡುರಾತ್ರಿ ಎಚ್ಚರವಾಗುತ್ತದೆ, ಪ್ರಾರ್ಥಿಸಲು ಕೈ ಜೋಡಿಸುತ್ತಾರೆ, ಮರುಕ್ಷಣವೇ ‘ನಾನು ನಾಟಕ ಆಡುತ್ತಿದ್ದೇನೆ’ ಎನ್ನಿಸಿ ಎದ್ದು ಕುಳಿತುಬಿಡುತ್ತಾರೆ.

ಇದರ ಹಿಂದಿನ ಘಟನೆ ಹೀಗಿದೆ. ಆಕೆಯ ತಂದೆಗೆ ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಯಾಯಿತು. ಅಂದು ಬಂಧುಗಳೂ ಧರ್ಮಬಾಂಧವರೂ ಸೇರಿ ಸಾಮೂಹಿಕವಾಗಿ ಪ್ರಾರ್ಥಿಸಿದರು, ಆಕೆಯೂ ಪ್ರಾರ್ಥಿಸಿದರು. ಶಸ್ತ್ರಚಿಕಿತ್ಸೆ ಯಶಸ್ವಿಯಾಯಿತು. ಆ ಮೇಲೆ ಕೃತಜ್ಞತೆ ಸಲ್ಲಿಸಲೆಂದು ಸೇರಿದ ಸಭೆಯಲ್ಲಿ ಹಿರಿಯರೊಬ್ಬರು, ‘ನಮ್ಮ ಮಗಳು ವಿಜ್ಞಾನ ಓದಿದವಳು, ಅವಳ ಬಾಯಿಂದಲೇ ಕೇಳೋಣ’ ಎಂದು ಆಕೆಯನ್ನು ಎಬ್ಬಿಸಿ ನಿಲ್ಲಿಸಿದರು. ಆಕೆ, ‘ವಿಜ್ಞಾನದ ಹಿನ್ನೆಲೆಯಿಂದ ಬಂದವಳಾಗಿ ಹೇಳುತ್ತೇನೆ, ಪ್ರಾರ್ಥನೆಯಿಂದ ರೋಗ ವಾಸಿಯಾಗುತ್ತದೆ ಎಂಬುದಕ್ಕೆ ನನ್ನ ತಂದೆಯೇ ಪುರಾವೆ’ ಎಂದರು. ಸಭೆ ಸಂತೋಷಪಟ್ಟಿತು. ಹದಿಹರೆಯದ ಮಗ ಮನೆಗೆ ಬಂದ ಮೇಲೆ ಕೇಳಿದ: ‘ಅಮ್ಮಾ, ನಿನ್ನ ಆಫೀಸಿನಲ್ಲಿ ಯಾರಾದರೂ ಒಬ್ಬನೇ ಒಬ್ಬ ರೋಗಿಯನ್ನು ತೋರಿಸಿ ಔಷಧ ಕೆಲಸ ಮಾಡಿತು ಅಂದರೆ ಒಪ್ಪುತ್ತೀಯಾ?’ ಆಕೆ ಅವನನ್ನು ಗದರಿಸಿ ಕಳಿಸಿದರು. ಅಂದಿನಿಂದ ಅವನು ಮನೆಯ ಪ್ರಾರ್ಥನೆಗೆ ಕೂರುವುದನ್ನು ನಿಲ್ಲಿಸಿದ. ಅವನು ಕೂರದಿರುವುದಕ್ಕೆ ತಾತ ನೊಂದುಕೊಂಡರು. ಇಷ್ಟಾದರೂ ಆಕೆ ಹೇಗೋ ತಡೆದುಕೊಳ್ಳುತ್ತಿದ್ದರೇನೋ. ಆದರೆ ತಂದೆ ದಿನನಿತ್ಯ ತೆಗೆದುಕೊಳ್ಳಬೇಕಾದ ಮಾತ್ರೆಗಳನ್ನು ಒಂದು ದಿನ ಬಿಟ್ಟು ಒಂದು ದಿನ ನುಂಗುತ್ತಿರುವುದು ಗೊತ್ತಾಗಿ ಕೇಳಿದಾಗ ಅವರು, ‘ನನ್ನನ್ನು ಉಳಿಸಿದ್ದು ಏನೆಂದು ನೀನೇ ಸಭೆಯಲ್ಲಿ ಹೇಳಿದೆಯಲ್ಲಮ್ಮ’ ಎಂದುಬಿಟ್ಟರು.

‘ಮೇಡಂ, ನಂಬಿಕೆಯನ್ನೂ ವಿಜ್ಞಾನವನ್ನೂ ಒಟ್ಟಿಗೆ ಇಟ್ಟುಕೊಳ್ಳಲು ಸಾಧ್ಯವೇ ಇಲ್ಲವೇ? ಇಲ್ಲವೆಂದಾದರೆ ಹೇಳಿಬಿಡಿ, ಒಂದನ್ನು ಬಿಟ್ಟುಬಿಡುತ್ತೇನೆ.’ ಆಕೆಯ ಕೋರಿಕೆ ಇದಾಗಿತ್ತು.

ಇಂತಹ ಪ್ರಶ್ನೆಯೊಡನೆ ಬಂದವರ ವಿಷಯದಲ್ಲಿ ಮೊದಲು ನೋಡಬೇಕಾದದ್ದು ತತ್ವಶಾಸ್ತ್ರವನ್ನಲ್ಲ. ಪಾಪಭೀತಿ ಮತ್ತು ಧಾರ್ಮಿಕ ಅನುಮಾನಗಳು ಗೀಳು ಕಾಯಿಲೆಯ ರೂಪದಲ್ಲಿಯೂ ಬರುತ್ತವೆ, ತೀವ್ರ ಖಿನ್ನತೆಯ ಭಾಗವಾಗಿಯೂ ಬರುತ್ತವೆ. ಅಂಥಲ್ಲಿ ಮನೋವೈದ್ಯರ ಬಳಿಗೆ ಕಳಿಸದೆ ದೇವರ ಬಗ್ಗೆ ಚರ್ಚೆ ಮಾಡುತ್ತ ಕೂರುವುದು ಕರ್ತವ್ಯಲೋಪ. ಆಕೆಯಲ್ಲಿ ಪ್ರಾರ್ಥನೆಯನ್ನು ಎಣಿಸಿ ಎಣಿಸಿ ಪುನರಾವರ್ತಿಸುವುದಾಗಲಿ, ಬೇಡವೆಂದರೂ ನುಗ್ಗಿಬರುವ ದೈವನಿಂದೆಯ ಆಲೋಚನೆಗಳಾಗಲಿ ಇರಲಿಲ್ಲ. ಊಟ, ಕೆಲಸ, ಸ್ನೇಹ ಎಲ್ಲವೂ ಸರಿಯಾಗಿಯೇ ಇದ್ದವು. ಅಮೆರಿಕದ ಮನೋವೈದ್ಯರ ಸಂಘ 1994ರಲ್ಲಿ ತನ್ನ ರೋಗನಿದಾನ ಕೈಪಿಡಿಯನ್ನು ಪರಿಷ್ಕರಿಸಿದಾಗ ‘ಧಾರ್ಮಿಕ ಅಥವಾ ಆಧ್ಯಾತ್ಮಿಕ ಸಮಸ್ಯೆ’ ಎಂಬ ವರ್ಗವನ್ನು ಸೇರಿಸಿ, ಅದನ್ನು ಮಾನಸಿಕ ಕಾಯಿಲೆಗಳ ಪಟ್ಟಿಯ ಹೊರಗೆ ಇಟ್ಟಿತು. ನಂಬಿಕೆ ಕದಡಿದ್ದೇ ಒಂದು ರೋಗವೆಂದು ಭಾವಿಸಬೇಡಿ ಎಂಬ ಸೂಚನೆ ಅದರಲ್ಲಿದೆ. ಈ ಪ್ರಕರಣ ಆ ವರ್ಗಕ್ಕೇ ಸೇರಿದ್ದು.

‘ನೀವು ದೇವರನ್ನು ನಂಬುತ್ತೀರಾ?’ ಎಂದು ಆಕೆ ನನ್ನನ್ನೂ ಕೇಳಿದರು. ಆಪ್ತಸಲಹೆಗಾರರು ಈ ಪ್ರಶ್ನೆಗೆ ಉತ್ತರಿಸಲೇಬಾರದೆಂಬ ನಿಯಮವೇನೂ ಇಲ್ಲ. ಆದರೆ ಆಕೆಯ ಒಂದು ಪಕ್ಕದಲ್ಲಿ ತಂದೆ, ಇನ್ನೊಂದು ಪಕ್ಕದಲ್ಲಿ ಮಗ ಆಗಲೇ ನಿಂತಿದ್ದರು. ನನ್ನ ಉತ್ತರ ಯಾವುದಾಗಿದ್ದರೂ ಮೂರನೆಯ ಒತ್ತಡವಾಗುತ್ತಿತ್ತು. ಹಾಗೆಂದೇ ಹೇಳಿ ಸುಮ್ಮನಾದೆ. ಆಕೆ ನಸುನಕ್ಕು, ‘ಹಾಗಿದ್ದರೆ ಲೆಕ್ಕವನ್ನು ನಾನೇ ಮಾಡಬೇಕು’ ಎಂದರು.

ಲೆಕ್ಕ ಎಂಬ ಆ ಮಾತನ್ನೇ ಹಿಡಿದು ಕೆಲಸ ಆರಂಭಿಸಿದೆವು. ‘ನಾನು ನಂಬುತ್ತೇನೆ’ ಎಂದು ಆಕೆ ಒಟ್ಟಾಗಿ ಹೇಳುತ್ತಿದ್ದುದನ್ನು ಬಿಡಿ ಬಿಡಿ ವಾಕ್ಯಗಳಾಗಿ ಬರೆದುಕೊಂಡು ಬರಲು ಕೇಳಿಕೊಂಡೆ. ಒಂದು ನಿಬಂಧನೆ ಹಾಕಿದ್ದೆ: ಯಾರ ಮುಂದಾದರೂ ಹೇಳಿದ್ದನ್ನಲ್ಲ, ಒಬ್ಬರೇ ಇರುವಾಗ ನಿಜವೆನ್ನಿಸುವುದನ್ನು ಮಾತ್ರ ಬರೆಯಬೇಕು. ಬರೆದು ತಂದ ಹಾಳೆಯಲ್ಲಿ ಬಗೆಬಗೆಯ ಮಾತುಗಳಿದ್ದವು. ಪ್ರಾರ್ಥನೆಯಿಂದ ತಂದೆ ಉಳಿದರು ಎಂಬುದು ಜಗತ್ತಿನಲ್ಲಿ ನಡೆದದ್ದರ ಬಗೆಗಿನ ಹೇಳಿಕೆ. ಧರ್ಮಗ್ರಂಥದಲ್ಲಿರುವ ಸೃಷ್ಟಿಯ ವಿವರಣೆ ಅಕ್ಷರಶಃ ನಿಜ ಎಂಬುದೂ ಅಂಥದ್ದೇ. ಇದನ್ನು ಬರೆದು ಆಕೆಯೇ ಹೊಡೆದುಹಾಕಿದ್ದರು. ಈ ಬದುಕು ತಾನೇ ಗಳಿಸಿದ್ದಲ್ಲ, ಕೊಡಲ್ಪಟ್ಟದ್ದು, ಆದ್ದರಿಂದ ಕೃತಜ್ಞತೆಯಿಂದ ಇರಬೇಕು ಎಂಬುದು ಬೇರೆಯೇ ಜಾತಿಯದು. ಎಲ್ಲಕ್ಕಿಂತ ಕೆಳಗೆ, ಚಿಕ್ಕ ಅಕ್ಷರಗಳಲ್ಲಿ, ‘ಪ್ರಾರ್ಥನೆ ಬಿಟ್ಟರೆ ಅಪ್ಪನನ್ನು ಬಿಟ್ಟ ಹಾಗಾಗುತ್ತದೆ’ ಎಂದಿತ್ತು. ಈ ಕೊನೆಯ ವಾಕ್ಯದಲ್ಲಿ ದೇವರೂ ಇಲ್ಲ, ವಿಜ್ಞಾನವೂ ಇಲ್ಲ ಎಂಬುದನ್ನು ಆಕೆಯೇ ಗುರುತಿಸಿದರು.

ನಂಬಿಕೆ ಮತ್ತು ವಿಚಾರ ಹೊಂದಿಕೊಳ್ಳುತ್ತವೆಯೇ ಎಂಬ ಪ್ರಶ್ನೆಗೆ ಸಾರಾಸಗಟಾದ ಉತ್ತರವಿಲ್ಲ ಎಂದು ನಾನು ಹೇಳುವುದು ಈ ಕಾರಣಕ್ಕಾಗಿ. ಒಂದೊಂದು ವಾಕ್ಯವನ್ನೂ ಪ್ರತ್ಯೇಕವಾಗಿ ವಿಚಾರಣೆಗೆ ಕರೆಯಬೇಕು. ಜಗತ್ತಿನಲ್ಲಿ ಹೀಗೆ ನಡೆಯಿತು, ಹೀಗೆ ನಡೆಯುತ್ತದೆ ಎಂದು ಹೇಳುವ ವಾಕ್ಯ, ಅದು ಯಾರ ಬಾಯಿಂದ ಬಂದಿರಲಿ, ಜಗತ್ತನ್ನು ಪರೀಕ್ಷಿಸುವ ಕ್ರಮಕ್ಕೆ ತಲೆಬಾಗಬೇಕು. ಹಾಗೆ ಹೇಳದ ವಾಕ್ಯಗಳಿಗೆ ಬೇರೆ ನ್ಯಾಯವಿರಬಹುದು, ಆದರೆ ಅವು ವಿಜ್ಞಾನದ ಮುದ್ರೆಯನ್ನು ಎರವಲು ಪಡೆಯಬಾರದು.

ಮೊದಲನೆಯ ವಾಕ್ಯದ ವಿಷಯದಲ್ಲಿ ಆಕೆಗೆ ನಾನು ಹೇಳಿಕೊಡಬೇಕಾದದ್ದು ಏನೂ ಇರಲಿಲ್ಲ. ಬೈಪಾಸ್ ಶಸ್ತ್ರಚಿಕಿತ್ಸೆಯ ರೋಗಿಗಳ ಮೇಲೆಯೇ ನಡೆದ, 2006ರಲ್ಲಿ ಪ್ರಕಟವಾದ ಅಧ್ಯಯನ ಆಕೆಗೆ ಚೆನ್ನಾಗಿ ಗೊತ್ತಿತ್ತು. ಸಭೆಯಲ್ಲಿ ಮಾತನಾಡುವಾಗಲೂ ನೆನಪಿತ್ತಂತೆ. ಅಮೆರಿಕದ 6 ಆಸ್ಪತ್ರೆಗಳ 1,802 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಮೂರು ಗುಂಪುಗಳಿಗೆ ಹಂಚಲಾಗಿತ್ತು. ಮೊದಲೆರಡು ಗುಂಪಿನವರಿಗೆ ತಮಗಾಗಿ ಪ್ರಾರ್ಥನೆ ನಡೆಯಬಹುದು, ನಡೆಯದೆಯೂ ಇರಬಹುದು ಎಂದು ತಿಳಿಸಲಾಗಿತ್ತು; ಒಂದು ಗುಂಪಿಗಾಗಿ ನಡೆಯಿತು, ಇನ್ನೊಂದಕ್ಕಾಗಿ ನಡೆಯಲಿಲ್ಲ. ಮೂರನೆಯ ಗುಂಪಿನವರಿಗೆ ಪ್ರಾರ್ಥನೆ ಖಂಡಿತ ನಡೆಯುತ್ತದೆಂದು ಹೇಳಿ ಹಾಗೆಯೇ ನಡೆಸಲಾಯಿತು. ಶಸ್ತ್ರಚಿಕಿತ್ಸೆಯ ನಂತರದ 30 ದಿನಗಳಲ್ಲಿ ತೊಡಕು ಕಾಣಿಸಿಕೊಂಡವರ ಪ್ರಮಾಣ ಮೊದಲ ಗುಂಪಿನಲ್ಲಿ ಶೇಕಡಾ 52, ಎರಡನೆಯದರಲ್ಲಿ ಶೇಕಡಾ 51. ತಮಗಾಗಿ ಪ್ರಾರ್ಥನೆ ನಡೆಯುತ್ತಿದೆ ಎಂದು ಖಚಿತವಾಗಿ ತಿಳಿದಿದ್ದವರಲ್ಲಿ ಅದು ಶೇಕಡಾ 59 ಇತ್ತು. ಈ ಹೆಚ್ಚಳ ಕೇವಲ ಆಕಸ್ಮಿಕವಾಗಿರಬಹುದು. ‘ಪ್ರಾರ್ಥಿಸಬೇಕಾದಷ್ಟು ನನ್ನ ಸ್ಥಿತಿ ಕೆಟ್ಟಿದೆಯೇ’ ಎಂಬ ಆತಂಕದಿಂದ ಬಂದಿರಲೂಬಹುದು.

ನಾನು ವಿರುದ್ಧ ಪಕ್ಷದ ವಕೀಲಿಕೆಯನ್ನೂ ಮಾಡಿ ನೋಡಿದೆ. ಅಲ್ಲಿ ಪ್ರಾರ್ಥಿಸಿದವರು ರೋಗಿಗಳಿಗೆ ಅಪರಿಚಿತರು. ಮಗಳು ತಂದೆಗಾಗಿ ಮಾಡುವ ಪ್ರಾರ್ಥನೆಯನ್ನು ಆ ಅಧ್ಯಯನ ಅಳೆಯಲಿಲ್ಲ. ಎರಡನೆಯ ಗುಂಪಿನವರಿಗಾಗಿ ಅವರ ಮನೆಯವರು ಪ್ರಾರ್ಥಿಸುತ್ತಿರಲಿಲ್ಲ ಎಂದೂ ಹೇಳುವಂತಿಲ್ಲ. ಆಕೆ ಇದನ್ನೆಲ್ಲ ಒಪ್ಪಿಕೊಂಡು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು: ‘ದೇವರು ಪರೀಕ್ಷೆಗೆ ಒಳಗಾಗುವವನಲ್ಲ ಎನ್ನುತ್ತಾರೆ ಅಪ್ಪ. ಅದೂ ಇರಬಹುದಲ್ಲ?’ ಇರಬಹುದು. ಆದರೆ ಹಾಗೆ ಹೇಳಿದ ಮೇಲೆ ತಂದೆಯ ಚೇತರಿಕೆಯನ್ನು ಪುರಾವೆಯೆಂದು ಎತ್ತಿ ತೋರಿಸುವ ಹಕ್ಕು ಉಳಿಯುವುದಿಲ್ಲ. ಸಾವಿರಾರು ರೋಗಿಗಳ ಲೆಕ್ಕ ದೇವರಿಗೆ ಅನ್ವಯಿಸುವುದಿಲ್ಲವಾದರೆ ಒಬ್ಬ ರೋಗಿಯ ಲೆಕ್ಕವೂ ಅನ್ವಯಿಸುವುದಿಲ್ಲ. ಗೆದ್ದರೆ ನನ್ನ ಆಟ, ಸೋತರೆ ಅದು ಆಟವೇ ಅಲ್ಲ ಎನ್ನುವುದನ್ನು ಮಕ್ಕಳೂ ಒಪ್ಪುವುದಿಲ್ಲ. ನಂಬಿಕೆಯ ಪರವಾಗಿ ಮಾತನಾಡುವ ಅನೇಕರು ಎಡವುವುದು ಇಲ್ಲಿಯೇ ಎಂಬುದು ನನ್ನ ಅಭಿಪ್ರಾಯ. ಅವರ ನಂಬಿಕೆಯಲ್ಲಿ ಸಂದೇಹ ಹುಟ್ಟಿಸುವುದು ವಿಜ್ಞಾನಕ್ಕಿಂತ ಹೆಚ್ಚಾಗಿ ಈ ಎರಡು ತಕ್ಕಡಿಯ ವ್ಯವಹಾರ.

1877ರಲ್ಲಿ ವಿಲಿಯಂ ಕ್ಲಿಫರ್ಡ್ ಎಂಬ ಇಂಗ್ಲಿಷ್ ಗಣಿತಜ್ಞ ಬರೆದ ಪ್ರಬಂಧವೊಂದರಲ್ಲಿ ಒಬ್ಬ ಹಡಗಿನ ಒಡೆಯ ಬರುತ್ತಾನೆ. ಹಡಗು ಹಳೆಯದೆಂಬ ಸಂಶಯ ಅವನಿಗಿದೆ. ದೈವದ ಮೇಲೆ ಭಾರ ಹಾಕಿ ಆ ಸಂಶಯವನ್ನು ಅದುಮಿ, ಪ್ರಯಾಣಿಕರನ್ನು ಹತ್ತಿಸಿ ಕಳಿಸುತ್ತಾನೆ. ಹಡಗು ಮುಳುಗಿದರೆ ಅವನು ತಪ್ಪಿತಸ್ಥ ಎಂಬುದನ್ನು ಎಲ್ಲರೂ ಒಪ್ಪುತ್ತಾರೆ. ಕ್ಲಿಫರ್ಡ್ ಹೇಳುವುದು, ಹಡಗು ಸುರಕ್ಷಿತವಾಗಿ ದಡ ಸೇರಿದರೂ ಅವನು ಅಷ್ಟೇ ತಪ್ಪಿತಸ್ಥ, ಏಕೆಂದರೆ ಹಾಗೆ ನಂಬುವ ಅಧಿಕಾರ ಅವನ ಮುಂದಿದ್ದ ಪುರಾವೆಯಿಂದ ಅವನಿಗೆ ಸಿಕ್ಕಿರಲಿಲ್ಲ. ಈ ಉದಾಹರಣೆಯನ್ನು ಕೇಳಿ ಆಕೆ ಬಹಳ ಹೊತ್ತು ಮಾತನಾಡಲಿಲ್ಲ. ತಂದೆಯ ಮಾತ್ರೆಗಳು ಅಷ್ಟರಲ್ಲಿ ಆಕೆಯ ಮನಸ್ಸಿಗೆ ಬಂದಿದ್ದವು.

ಮಾತ್ರೆಯ ವಿಷಯದಲ್ಲಿ ನಾನು ಸಲಹೆಗಾರರ ತಟಸ್ಥತೆಯನ್ನು ಪಕ್ಕಕ್ಕಿಟ್ಟು ನೇರವಾಗಿ ಹೇಳಿದೆ. ಬೈಪಾಸ್ ಆದವರಿಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನೂ ಕೊಲೆಸ್ಟರಾಲ್ ತಗ್ಗಿಸುವ ಮಾತ್ರೆಯನ್ನೂ ಕೊಡುವುದು ಹೊಸದಾಗಿ ಜೋಡಿಸಿದ ರಕ್ತನಾಳಗಳು ಮತ್ತೆ ಮುಚ್ಚಿಕೊಳ್ಳಬಾರದೆಂದು. ಅವನ್ನು ವೈದ್ಯರ ಮಾತಿಲ್ಲದೆ ಕಡಿಮೆ ಮಾಡುವುದು ಅಪಾಯ. ನಂಬಿಕೆಯ ಚರ್ಚೆ ಮುಗಿಯುವವರೆಗೆ ಇದು ಕಾಯಲಾರದು. ಅಂದೇ ವೈದ್ಯರಿಗೆ ತಿಳಿಸಿ, ಅವರಿಂದಲೇ ತಂದೆಗೆ ಹೇಳಿಸಬೇಕೆಂದು ಸಲಹೆ ಕೊಟ್ಟೆ. ಆಕೆ ಹಾಗೆಯೇ ಮಾಡಿದರು.

ಎರಡನೆಯ ವಾಕ್ಯ, ಅಂದರೆ ಧರ್ಮಗ್ರಂಥದ ಸೃಷ್ಟಿವರ್ಣನೆ, ಆಕೆ ಹೊಡೆದುಹಾಕಿದ್ದರೂ ನೋವನ್ನು ಉಳಿಸಿತ್ತು. ಗ್ರಂಥದ ಒಂದು ಮಾತನ್ನು ಬಿಟ್ಟರೆ ಎಲ್ಲವನ್ನೂ ಬಿಟ್ಟಂತೆ ಎಂದು ಆಕೆಗೆ ಚಿಕ್ಕಂದಿನಲ್ಲಿ ಕಲಿಸಲಾಗಿತ್ತು. ಇಲ್ಲಿ ನಾನು ಬೇರೆ ಬೇರೆ ಪರಂಪರೆಗಳ ಹಿರಿಯರನ್ನು ಸಾಕ್ಷಿಗೆ ಕರೆದೆ. ಗೀತಾಭಾಷ್ಯದ ಕೊನೆಯ ಅಧ್ಯಾಯದಲ್ಲಿ ಶಂಕರಾಚಾರ್ಯರು, ಬೆಂಕಿ ತಣ್ಣಗಿದೆ ಎಂದು ನೂರು ಶ್ರುತಿವಾಕ್ಯಗಳು ಹೇಳಿದರೂ ಅವು ಪ್ರಮಾಣವಾಗುವುದಿಲ್ಲ ಎನ್ನುತ್ತಾರೆ. ಪ್ರತ್ಯಕ್ಷಕ್ಕೆ ಸಿಗುವ ಸಂಗತಿಯಲ್ಲಿ ಶ್ರುತಿಯ ಅಧಿಕಾರ ನಡೆಯುವುದಿಲ್ಲ, ಅದರ ಅಧಿಕಾರವಿರುವುದು ಪ್ರತ್ಯಕ್ಷವನ್ನು ಮೀರಿದ ವಿಷಯಗಳಲ್ಲಿ ಎಂಬುದು ಅವರ ನಿಲುವು. 12ನೆಯ ಶತಮಾನದ ಮುಸ್ಲಿಂ ತತ್ವಜ್ಞಾನಿ ಇಬ್ನ್ ರುಶ್ದ್, ಸತ್ಯ ಸತ್ಯವನ್ನು ವಿರೋಧಿಸಲಾರದಾದ್ದರಿಂದ ತರ್ಕದಿಂದ ಸಿದ್ಧವಾದದ್ದಕ್ಕೂ ಗ್ರಂಥದ ಮೇಲ್ನೋಟದ ಅರ್ಥಕ್ಕೂ ವಿರೋಧ ಕಂಡರೆ ಗ್ರಂಥವನ್ನು ಬೇರೆ ರೀತಿಯಲ್ಲಿ ವ್ಯಾಖ್ಯಾನಿಸಬೇಕು ಎಂದರು. ಅವರಿಗೂ ಹಿಂದೆ, 5ನೆಯ ಶತಮಾನದ ಆರಂಭದಲ್ಲಿ ಕ್ರೈಸ್ತ ಧರ್ಮಶಾಸ್ತ್ರಜ್ಞ ಸಂತ ಅಗಸ್ಟೀನ್, ಆಕಾಶ ಭೂಮಿಗಳ ಬಗ್ಗೆ ಬಲ್ಲವರ ಮುಂದೆ ಗ್ರಂಥದ ಹೆಸರಿನಲ್ಲಿ ಅಸಂಬದ್ಧ ಮಾತನಾಡಿ ನಗೆಪಾಟಲಾಗಬೇಡಿ ಎಂದು ತನ್ನವರನ್ನೇ ಎಚ್ಚರಿಸಿದ್ದ.

ಈ ಬಗೆಯ ಉದಾಹರಣೆಗಳು ಬೇಗ ಸಮಾಧಾನ ಕೊಡುತ್ತವೆ. ಕೆಲವೊಮ್ಮೆ ಅಗತ್ಯಕ್ಕಿಂತ ಬೇಗ. ಆಕೆ ಸುಲಭವಾಗಿ ಸಮಾಧಾನಗೊಳ್ಳುವವರಾಗಿರಲಿಲ್ಲ. ‘ವಿಜ್ಞಾನ ಸೋಲಿಸಿದ ಮೇಲೆ ಅದನ್ನು ಸಾಂಕೇತಿಕ ಎನ್ನುವುದು ಅನುಕೂಲಶಾಸ್ತ್ರವಲ್ಲವೇ?’ ಎಂದು ಕೇಳಿದರು. ಬಹಳಷ್ಟು ಸಲ ಹೌದು. ಭೂಮಿ ಸೂರ್ಯನನ್ನು ಸುತ್ತುತ್ತದೆ ಎಂದ ಗೆಲಿಲಿಯೋಗೆ ಚರ್ಚಿನಿಂದ ಶಿಕ್ಷೆಯಾದದ್ದು 1633ರಲ್ಲಿ. ಅಂದಿನ ಧರ್ಮಶಾಸ್ತ್ರಜ್ಞರು ತಪ್ಪಿದರೆಂದು ಪೋಪ್ ಎರಡನೆಯ ಜಾನ್ ಪಾಲ್ ಬಹಿರಂಗವಾಗಿ ಒಪ್ಪಿಕೊಂಡದ್ದು 1992ರಲ್ಲಿ. ಆದರೆ ಈಗ ಹೇಳಿದ ಮೂವರು ಹಿರಿಯರೂ, ಗೆಲಿಲಿಯೋಗಿಂತ ಮೊದಲೇ ಆ ಮಾತನ್ನು ಮುಂದಿಟ್ಟಿದ್ದ ಕೋಪರ್ನಿಕಸ್‌ಗಿಂತ ಶತಮಾನಗಳ ಹಿಂದೆ ಬರೆದವರು. ಸೋತು ಹಿಂದೆ ಸರಿಯುವ ಒತ್ತಡ ಅವರಿಗಿರಲಿಲ್ಲ. ಗ್ರಂಥವನ್ನು ಪ್ರೀತಿಸುತ್ತಲೇ ಅದರ ಅಧಿಕಾರಕ್ಕೆ ಎಲ್ಲೆ ಹಾಕಬಹುದು ಎಂಬ ವಿಚಾರ ಧಾರ್ಮಿಕ ಪರಂಪರೆಗಳ ಒಳಗೇ ಹುಟ್ಟಿ ಬೆಳೆದದ್ದು. ಆಕೆ ಇದನ್ನು ಒಪ್ಪಿದರು, ಆದರೆ ಪೂರ್ತಿಯಾಗಿ ಅಲ್ಲ. ‘ಎಲ್ಲೆಯನ್ನು ಎಲ್ಲಿ ಹಾಕಬೇಕೆಂದು ಹೇಳುವುದು ಕೊನೆಗೂ ವಿಚಾರವೇ ತಾನೇ? ಹಾಗಾದರೆ ಯಜಮಾನಿಕೆ ಯಾರದು?’ ಎಂದರು. ಜಗತ್ತಿನ ಸಂಗತಿಗಳ ಮಟ್ಟಿಗೆ ಯಜಮಾನಿಕೆ ವಿಚಾರದ್ದೇ. ಇದನ್ನು ಮೃದುಗೊಳಿಸಿ ಹೇಳುವುದು ನನಗೆ ಸರಿಕಾಣಲಿಲ್ಲ. ನಂಬಿಕೆಗೂ ವಿಜ್ಞಾನಕ್ಕೂ ಸಂಧಿ ಮಾಡಿಸುತ್ತೇವೆಂದು ಹೊರಟವರು ಈ ಒಂದು ಷರತ್ತನ್ನು ಮುಚ್ಚಿಟ್ಟರೆ ಆ ಸಂಧಿ ಬಾಳುವುದಿಲ್ಲ.

ಹಾಗಾದರೆ ಕೃತಜ್ಞತೆಯ ವಾಕ್ಯಕ್ಕೆ ಯಾವ ನ್ಯಾಯ? ಕ್ಲಿಫರ್ಡ್‌ನಿಗೆ ಉತ್ತರವಾಗಿ ಅಮೆರಿಕದ ಮನೋವಿಜ್ಞಾನಿ ವಿಲಿಯಂ ಜೇಮ್ಸ್ 1896ರಲ್ಲಿ ಒಂದು ವಾದ ಮುಂದಿಟ್ಟ. ಪುರಾವೆ ಯಾವ ಕಡೆಗೂ ತೀರ್ಮಾನ ಕೊಡಲಾರದ, ಆದರೆ ನಿರ್ಧರಿಸದೆ ಇರುವುದೂ ಒಂದು ನಿರ್ಧಾರವೇ ಆಗುವ, ಬದುಕಿಗೆ ಮಹತ್ವದ ಪ್ರಶ್ನೆಗಳಲ್ಲಿ ಮನಸ್ಸಿನ ಒಲವನ್ನು ಅನುಸರಿಸುವ ಹಕ್ಕು ಮನುಷ್ಯನಿಗೆ ಇದೆ ಎಂಬುದು ಅದರ ಸಾರ. ಈ ಪರವಾನಗಿಯನ್ನು ಜನ ಬೇಕಾಬಿಟ್ಟಿ ಬಳಸುತ್ತಾರೆ. ನಿಜದಲ್ಲಿ ಅದು ಬಹಳ ಇಕ್ಕಟ್ಟಾದದ್ದು. ಮಾತ್ರೆ ನುಂಗಬೇಕೇ ಬೇಡವೇ ಎಂಬುದಕ್ಕೆ ಅದು ಅನ್ವಯಿಸುವುದಿಲ್ಲ, ಏಕೆಂದರೆ ಅಲ್ಲಿ ಪುರಾವೆ ತೀರ್ಮಾನ ಕೊಟ್ಟಾಗಿದೆ. ಏನೂ ಇಲ್ಲದಿರುವ ಬದಲು ಜಗತ್ತು ಏಕಿದೆ, ಇದಕ್ಕೆ ಯಾರಿಗಾದರೂ ಋಣಿಯಾಗಿರಬೇಕೇ ಎಂಬುದಕ್ಕೆ ಅನ್ವಯಿಸಬಹುದು. ಕ್ಲಿಫರ್ಡ್ ಇದನ್ನೂ ಒಪ್ಪುತ್ತಿರಲಿಲ್ಲ, ಇಂದಿಗೂ ಒಪ್ಪದವರು ಅನೇಕರಿದ್ದಾರೆ. ಆಕೆ ಜೇಮ್ಸ್‌ನ ಕಡೆ ವಾಲಿದರು. ಅವರ ಮಗ ವಾಲಲಾರ. ಅವನ ನಿಲುವಿಗೂ ಗೌರವಯುತವಾದ ಆಧಾರವಿದೆ ಎಂದು ನಾನು ಸೇರಿಸಿದೆ.

ಆಕೆಗೆ ಎಲ್ಲಕ್ಕಿಂತ ಹೆಚ್ಚಾಗಿ ನೆರವಾದದ್ದು ಜಾರ್ಜ್ ಲೆಮೇತ್ರ್ ಎಂಬ ಬೆಲ್ಜಿಯಂ ಭೌತವಿಜ್ಞಾನಿಯ ಪ್ರಸಂಗ. ಆತ ಕ್ಯಾಥೊಲಿಕ್ ಪಾದ್ರಿಯೂ ಹೌದು. ವಿಶ್ವ ಹಿಗ್ಗುತ್ತಿದೆ ಎಂಬುದನ್ನು 1927ರಲ್ಲಿ ಗಣಿತದಿಂದ ತೋರಿಸಿದವನು, ಇಡೀ ವಿಶ್ವ ಒಂದು ಆದಿಮ ಕಣದಿಂದ ಹೊರಟಿತು ಎಂದು 1931ರಲ್ಲಿ ಸೂಚಿಸಿದವನು. ಇಂದು ಮಹಾಸ್ಫೋಟವೆಂದು ಹೆಸರಾದ ಸಿದ್ಧಾಂತಕ್ಕೆ ಅಡಿಪಾಯ ಹಾಕಿದವರಲ್ಲಿ ಮೊದಲಿಗ. 1951ರಲ್ಲಿ ಪೋಪ್ ಹನ್ನೆರಡನೆಯ ಪಯಸ್ ತಮ್ಮ ಭಾಷಣವೊಂದರಲ್ಲಿ, ಆಧುನಿಕ ವಿಜ್ಞಾನ ಸೃಷ್ಟಿಯ ಕ್ಷಣಕ್ಕೆ ಸಾಕ್ಷಿ ನುಡಿದಿದೆ ಎಂಬರ್ಥದ ಮಾತನಾಡಿದರು. ಪಾದ್ರಿಯಾದವನು ಇದರಿಂದ ಹಿಗ್ಗಬೇಕಿತ್ತು. ಲೆಮೇತ್ರ್‌ಗೆ ಅದು ಹಿಡಿಸಲಿಲ್ಲ. ತನ್ನ ಸಿದ್ಧಾಂತ ಧಾರ್ಮಿಕ ಪ್ರಶ್ನೆಗಳ ಹೊರಗಿದೆ, ದೇವರನ್ನು ನಿರಾಕರಿಸುವವನು ಅದನ್ನು ಒಪ್ಪಿಕೊಂಡೂ ನಿರಾಕರಿಸಲು ಸ್ವತಂತ್ರ ಎಂಬುದು ಅವನ ನಿಲುವಾಗಿತ್ತು. ಪ್ರತಿದಿನ ಪ್ರಾರ್ಥಿಸುತ್ತಿದ್ದ ಒಬ್ಬ ಮನುಷ್ಯ, ತನ್ನದೇ ವಿಜ್ಞಾನವನ್ನು ತನ್ನದೇ ದೇವರ ಪರವಾಗಿ ಸಾಕ್ಷಿ ಹೇಳಿಸಲು ಒಪ್ಪಲಿಲ್ಲ. ಸಭೆಯಲ್ಲಿ ತಾನು ಮಾಡಿದ್ದು ಇದಕ್ಕೆ ಸರಿಯಾಗಿ ವಿರುದ್ಧವಾದದ್ದನ್ನು ಎಂಬುದು ಆಕೆಗೆ ಆಗ ಸ್ಪಷ್ಟವಾಯಿತು. ಆಕೆಯ ತಪ್ಪು ಪ್ರಾರ್ಥಿಸಿದ್ದರಲ್ಲಿ ಇರಲಿಲ್ಲ, ಅಪ್ಪ ಉಳಿದದ್ದಕ್ಕೆ ದೇವರಿಗೆ ಕೈಮುಗಿದದ್ದರಲ್ಲಿಯೂ ಇರಲಿಲ್ಲ. ‘ವಿಜ್ಞಾನದ ಹಿನ್ನೆಲೆಯಿಂದ ಬಂದವಳಾಗಿ’ ಮತ್ತು ‘ಪುರಾವೆ’ ಎಂದದ್ದರಲ್ಲಿತ್ತು.

1979ರ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿಯನ್ನು ಒಂದೇ ಸಿದ್ಧಾಂತಕ್ಕಾಗಿ ಹಂಚಿಕೊಂಡ ಮೂವರಲ್ಲಿ ಅಬ್ದುಸ್ ಸಲಾಂ ಶ್ರದ್ಧಾವಂತರು, ಸ್ಟೀವನ್ ವೈನ್‌ಬರ್ಗ್ ಬಹಿರಂಗ ನಾಸ್ತಿಕರು ಎಂಬುದನ್ನೂ ನೆನಪಿಸಿದೆ. ಇದರಿಂದ ಆಕೆ ಉತ್ಸಾಹಗೊಂಡದ್ದು ಕಂಡು ಒಂದು ಎಚ್ಚರಿಕೆಯನ್ನೂ ಕೊಡಬೇಕಾಯಿತು: ಎರಡು ವಿಚಾರಗಳು ಒಂದೇ ತಲೆಯಲ್ಲಿ ನೆಮ್ಮದಿಯಾಗಿದ್ದವು ಎಂದ ಮಾತ್ರಕ್ಕೆ ಅವು ಒಂದಕ್ಕೊಂದು ಹೊಂದುತ್ತವೆ ಎಂದು ಸಿದ್ಧವಾಗುವುದಿಲ್ಲ. ಭೌತವಿಜ್ಞಾನ ತನ್ನಷ್ಟಕ್ಕೆ ಯಾರನ್ನೂ ಆಸ್ತಿಕರನ್ನಾಗಿ ಅಥವಾ ನಾಸ್ತಿಕರನ್ನಾಗಿ ಮಾಡುವುದಿಲ್ಲ ಎಂಬಷ್ಟನ್ನು ಮಾತ್ರ ಇದರಿಂದ ತಿಳಿಯಬಹುದು.

ಇತ್ಯರ್ಥವಾಗದೆ ಉಳಿದ ಪ್ರಶ್ನೆಯೂ ಒಂದಿತ್ತು. ಆಸ್ಪತ್ರೆಯಲ್ಲಿ ತಂದೆಯ ಪಕ್ಕದ ಹಾಸಿಗೆಯಲ್ಲಿದ್ದವರು ಉಳಿಯಲಿಲ್ಲ. ‘ಅವರಿಗೂ ಮಗಳಿದ್ದಳು. ಅವಳೂ ಪ್ರಾರ್ಥಿಸುತ್ತಿದ್ದುದನ್ನು ನಾನು ನೋಡಿದ್ದೆ’ ಎಂದರು ಆಕೆ. ನನ್ನ ದೃಷ್ಟಿಯಲ್ಲಿ ನಂಬಿಕೆಗೆ ಅತಿ ಕಠಿಣವಾದ ಸವಾಲು ಬರುವುದು ಮಹಾಸ್ಫೋಟದಿಂದಲೂ ಅಲ್ಲ, ಜೀವವಿಕಾಸದಿಂದಲೂ ಅಲ್ಲ, ಇಲ್ಲಿಂದ. ಇದನ್ನು ಕೇಳಲು ಪ್ರಯೋಗಾಲಯ ಬೇಕಿಲ್ಲ. 1755ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ಬೆಳಿಗ್ಗೆ, ಲಿಸ್ಬನ್ ನಗರದ ಚರ್ಚುಗಳು ಭಕ್ತರಿಂದ ತುಂಬಿದ್ದಾಗ ಭೂಕಂಪವಾಗಿ, ಅದರ ಬೆನ್ನಿಗೇ ಸಮುದ್ರ ಉಕ್ಕಿ, ಬೆಂಕಿ ಹತ್ತಿ ಹತ್ತಾರು ಸಾವಿರ ಜನ ಸತ್ತರು. ಇರುವ ಜಗತ್ತೇ ಸಾಧ್ಯವಿದ್ದವುಗಳಲ್ಲಿ ಅತ್ಯುತ್ತಮವಾದದ್ದು ಎಂಬ ಅಂದಿನ ತತ್ವಜ್ಞಾನದ ವಾದ ಯೂರೋಪಿನಲ್ಲಿ ಆ ಹೊಡೆತದಿಂದ ಚೇತರಿಸಿಕೊಳ್ಳಲೇ ಇಲ್ಲ. ಕರ್ಮ, ಪರೀಕ್ಷೆ, ಅರಿಯಲಾಗದ ಸಂಕಲ್ಪ ಎಂಬಂಥ ಉತ್ತರಗಳನ್ನು ಧರ್ಮಗಳು ಕೊಡುತ್ತವೆ. ಅವನ್ನು ಸ್ವಂತ ದುಃಖಕ್ಕೆ ಹೇಳಿಕೊಳ್ಳುವುದು ಬೇರೆ, ಪಕ್ಕದ ಹಾಸಿಗೆಯವರ ಮಗಳಿಗೆ ಹೇಳುವುದು ಬೇರೆ. ಆಕೆಗೆ ಇದಕ್ಕೆ ನಾನು ಉತ್ತರ ಕೊಡಲಿಲ್ಲ. ‘ನಮ್ಮ ಪ್ರಾರ್ಥನೆ ಫಲಿಸಿತು’ ಎಂದು ಸಭೆಯಲ್ಲಿ ಹೇಳುವಾಗ ಆ ಮಗಳು ಅಲ್ಲಿ ಕುಳಿತಿದ್ದಾಳೆಂದು ಭಾವಿಸಿ ಮಾತನ್ನು ಆರಿಸಿಕೊಳ್ಳಬಹುದು ಎಂದಷ್ಟೇ ಹೇಳಿದೆ.

ಇನ್ನು ಕೊಟ್ಟ ಸಲಹೆ. ಆಕೆಗೆ ಆಗ ಎಲ್ಲರ ಮುಂದೆ ನಿಂತು ‘ನನಗೆ ನಂಬಿಕೆಯಿಲ್ಲ’ ಎಂದು ಘೋಷಿಸಿ ಹಗುರಾಗುವ ಬಯಕೆ ಬಲವಾಗಿತ್ತು. ಅದು ನಿಜವೂ ಆಗಿರಲಿಲ್ಲ. ಹಿಂತೆಗೆದುಕೊಳ್ಳಬೇಕಾದದ್ದು ಒಂದು ವಾಕ್ಯವನ್ನು, ಇಡೀ ನಂಬಿಕೆಯನ್ನಲ್ಲ ಎಂದು ವಿವರಿಸಿದೆ. ಮೊದಲು ಮಗನೊಡನೆ ಮಾತನಾಡಬೇಕು, ಏಕೆಂದರೆ ಗದರಿಸಿಕೊಂಡವನು ಅವನು. ಅವನ ಪ್ರಶ್ನೆ ಸರಿಯಾಗಿತ್ತೆಂದು ಒಪ್ಪಿಕೊಳ್ಳಬೇಕು. ಆ ಒಪ್ಪಿಗೆಗೆ ‘ಆದರೆ’ ಎಂದು ಬಾಲ ಸೇರಿಸಬಾರದು. ಪ್ರಾರ್ಥನೆಗೆ ಕೂರುವಂತೆ ಅವನನ್ನು ಒತ್ತಾಯಿಸಬಾರದು. ಕೂರುವ ತಾತನನ್ನು ಅವನು ಗೇಲಿ ಮಾಡಬಾರದು ಎಂದು ಕೇಳುವ ಹಕ್ಕು ಮಾತ್ರ ತಾಯಿಗಿದೆ. ತಂದೆಯೊಡನೆ ದೇವರಿದ್ದಾನೆಯೇ ಎಂಬ ಚರ್ಚೆಗೆ ಇಳಿಯಬಾರದು. ಪ್ರಾರ್ಥನೆಗೆ ಪುರಾವೆಯಿದೆ ಎಂದು ತಾನು ಹೇಳಿದ್ದು ತನ್ನ ವಿದ್ಯೆಗೆ ತಕ್ಕ ಮಾತಾಗಿರಲಿಲ್ಲ, ಮಾತ್ರೆಗಳಿಗೆ ಅಂಥ ಪುರಾವೆ ಇದೆ ಎಂದು ಹೇಳಬೇಕು. ಅವರಿಗಾಗಿ ಈಗಲೂ ಪ್ರಾರ್ಥಿಸುತ್ತಿರುವುದು ನಿಜವಾದ್ದರಿಂದ ಅದನ್ನೂ ಹೇಳಬೇಕು. ನಡುರಾತ್ರಿಯ ನಾಟಕದ ಭಾವನೆಗೆ ನಾನು ಸೂಚಿಸಿದ್ದು, ಪ್ರಾರ್ಥನೆಯಲ್ಲಿ ತಾನು ನಂಬದ ವಾಕ್ಯವನ್ನು ನುಡಿಯದಿರುವುದು. ಬೇಡಿಕೆಯ ಮಾತು ನಿಜವೆನ್ನಿಸದಿದ್ದರೆ ಕೃತಜ್ಞತೆಯ ಮಾತು ಸಾಕು. ಅದೂ ಬರದಿದ್ದ ದಿನ ಸುಮ್ಮನೆ ಕುಳಿತರೂ ಆದೀತು.

ಫಲಿತಾಂಶ ಎಲ್ಲ ಕಡೆಯೂ ಒಂದೇ ಥರ ಇರಲಿಲ್ಲ. ಮಗನೊಡನೆ ಮಾತು ಸರಾಗವಾಯಿತು. ಅವನು ಪ್ರಾರ್ಥನೆಗೆ ಮರಳಲಿಲ್ಲ, ಮರಳುತ್ತಾನೆಂಬ ನಿರೀಕ್ಷೆಯನ್ನೂ ಆಕೆ ಬಿಟ್ಟರು. ತಂದೆ ವೈದ್ಯರ ಮಾತು ಕೇಳಿ ಮಾತ್ರೆಗಳನ್ನು ಸರಿಯಾಗಿ ತೆಗೆದುಕೊಳ್ಳತೊಡಗಿದರು. ಆದರೆ ಮಗಳ ಮಾತು ಅವರಿಗೆ ನೋವಾಗಿಯೇ ಉಳಿಯಿತು: ‘ನೀನು ಹೇಳಿದ್ದನ್ನು ನಾನು ಬಂದವರಿಗೆಲ್ಲ ಹೇಳಿಕೊಂಡಿದ್ದೆ. ಈಗ ಅವರಿಗೆ ಏನೆಂದು ಹೇಳಲಿ?’ ಎಂದರಂತೆ. ಕೆಲಕಾಲ ಇಬ್ಬರ ನಡುವೆ ಬಿಗುವಿತ್ತು. ಪೂರ್ತಿ ಹೋಗಿದೆಯೆಂದು ಆಕೆ ಈಗಲೂ ಹೇಳುವುದಿಲ್ಲ. ಪ್ರಾರ್ಥನೆ ಬಿಟ್ಟರೆ ಅಪ್ಪನನ್ನು ಬಿಟ್ಟ ಹಾಗೆ ಎಂಬ ವಾಕ್ಯವನ್ನು ನಾವು ಕೊನೆಗೆ ಎತ್ತಿಕೊಂಡೆವು. ಅಪ್ಪನ ಜೊತೆಗಿನ ಸಂಬಂಧ ಪ್ರಾರ್ಥನೆಯೊಂದರ ಮೇಲೆ ನಿಂತಿರಬೇಕಾಗಿಲ್ಲ ಎಂದು ಆಕೆಗೆ ಮನವರಿಕೆಯಾಗಲು ಉಳಿದೆಲ್ಲ ಚರ್ಚೆಗಿಂತ ಹೆಚ್ಚು ಕಾಲ ಹಿಡಿಯಿತು. ವಾರಕ್ಕೊಮ್ಮೆ ತಂದೆಯೊಡನೆ ಹೃದ್ರೋಗ ತಪಾಸಣೆಯ ಬಗ್ಗೆಯಾಗಲಿ ದೇವರ ಬಗ್ಗೆಯಾಗಲಿ ಮಾತೆತ್ತದೆ ಒಂದಷ್ಟು ಹೊತ್ತು ಕಳೆಯಿರಿ ಎಂಬ ಸಲಹೆ ಇಲ್ಲಿ ಉಪಯೋಗಕ್ಕೆ ಬಂತು. ನಿದ್ರೆ ಬಹುಮಟ್ಟಿಗೆ ಸುಧಾರಿಸಿತು.

ಪ್ರಕರಣ ಮುಗಿಸುವ ಹಂತದಲ್ಲಿ ಆಕೆ ಕೇಳಿದ್ದು, ಮುಂದಿನ ಬಾರಿ ಸಭೆಗೆ ಕರೆದರೆ ಹೋಗಬೇಕೇ ಎಂದು. ಹೋಗಲು ಮನಸ್ಸಿದ್ದರೆ ಹೋಗಿ ಎಂದೆ. ಮಗಳಾಗಿ ಮಾತನಾಡಲು ಹೇಳಿದರೆ ಮಾತನಾಡಿ, ವಿಜ್ಞಾನಿಯಾಗಿ ಮಾತನಾಡಲು ಹೇಳಿದರೆ, ‘ಈ ವಿಷಯದಲ್ಲಿ ವಿಜ್ಞಾನ ಹೇಳುವುದನ್ನು ಹೇಳಿದರೆ ನಿಮಗೆ ಬೇಸರವಾದೀತು’ ಎಂದು ಅವರಿಗೆ ನಯವಾಗಿ ತಿಳಿಸಿ. ಆಕೆ ಹೋದರು. ಅದೇ ಹಿರಿಯರು ಮತ್ತೆ ಎಬ್ಬಿಸಿ ನಿಲ್ಲಿಸಿದಾಗ ಅಪ್ಪ ಚೇತರಿಸಿಕೊಂಡದ್ದಕ್ಕೆ ತನಗಾದ ಸಂತೋಷವನ್ನೂ ಶಸ್ತ್ರಚಿಕಿತ್ಸೆ ಮಾಡಿದವರನ್ನೂ ದೇವರನ್ನೂ ನೆನೆದು, ಹಿಂದಿನ ಸಲ ಪುರಾವೆ ಎಂದದ್ದನ್ನು ಹಿಂತೆಗೆದುಕೊಳ್ಳುತ್ತೇನೆ ಎಂದು ಹೇಳಿ ಕುಳಿತರು. ಹಿರಿಯರು ಮುಖ ಗಂಟಿಕ್ಕಿಕೊಂಡರಂತೆ.